ಇಪ್ಪತ್ತೊಂದನೆಯ ನೋಟ

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ಭಾನುವಾರ ಸಂಜೆ ಟಿವಿಯಲ್ಲಿ ಹಳೆಯ ಕಪ್ಪುಬಿಳುಪು ಸಿನಿಮಾ ಬಂದಿತ್ತು. ಆಕಾಶದಿಂದ ಯಾರೋ ಬಂದಿಳಿದಿದ್ದಾರೆ, ಆದರೆ ಅವರು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ. ಊರಿನವರು ಕಟ್ಟೆಯ ಮೇಲೆ ಹರಟುತ್ತಾ ಕೂತಿದ್ದಾರೆ. ಓಣಿಯ ಧೂಳಿನಲ್ಲಿ ನಾಯಿಗಳು ಮಲಗಿವೆ. ಒಂದು ನಾಯಿ ಎದ್ದು ನಿಲ್ಲುತ್ತದೆ. ಆಮೇಲೆ ಇನ್ನೊಂದು. ನೋಡನೋಡುತ್ತ ಎಲ್ಲ ನಾಯಿಗಳೂ ಎದ್ದು ಒಂದೇ ಖಾಲಿ ಬಾಗಿಲನ್ನು ನೋಡುತ್ತ ನಿಲ್ಲುತ್ತವೆ. ಒಂದೂ ಬೊಗಳುವುದಿಲ್ಲ. ಇಡೀ ಚಿತ್ರದಲ್ಲಿ ಜನರಿಗೆ ನೆನಪುಳಿದದ್ದು ಅದೊಂದೇ ದೃಶ್ಯ.

ಅವತ್ತು ಅರ್ಧ ಓಣಿ ನಮ್ಮ ಮನೆಯ ಟಿವಿ ಮುಂದೆ ಕೂತಿತ್ತು. ಸಿನಿಮಾ ಮುಗಿದ ಮೇಲೂ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟವರು ಯಾರೂ ಮೊದಲು ಏಳಲು ಒಪ್ಪಲಿಲ್ಲ. ಬೆಳೆದ ಮೇಲೆ ಗೊತ್ತಾಯಿತು, ಆ ಖಾಲಿ ಬಾಗಿಲ ಹಿಂದೆ ಒಬ್ಬ ಮನುಷ್ಯ ಬಿದಿರುಕೋಲಿಗೆ ಕುರಿಯ ಎಲುಬು ಕಟ್ಟಿಕೊಂಡು ಕೂತಿದ್ದನಂತೆ. ಗುಟ್ಟು ತಿಳಿದರೂ ಹೆದರಿಕೆ ಹೋಗಲಿಲ್ಲ.

ಇಷ್ಟು ವರ್ಷಗಳ ನಂತರ ಅದೇ ಚಿತ್ರವನ್ನು ಹೊಸದಾಗಿ ತೆಗೆಯಲು ಹೇರಂಬ ಎನ್ನುವ ನಿರ್ದೇಶಕ ಬೆಂಗಳೂರಿನಿಂದ ನಮ್ಮ ಇಳಕಲ್ಲಿಗೆ ಬಂದ. ಊರ ಹೊರಗೆ ಕೆಲಸ ನಿಂತುಹೋದ ಒಂದು ಗ್ರಾನೈಟ್ ಕ್ವಾರಿ ಇದೆ. ಕೆಂಪು ಕಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬಿಟ್ಟ ಆ ಹೊಂಡದಲ್ಲಿ ನಿಂತರೆ ನಿಜಕ್ಕೂ ಬೇರೆ ಯಾವುದೋ ಗ್ರಹಕ್ಕೆ ಬಂದಂತಿರುತ್ತದೆ. ಅವನಿಗೆ ಅದು ಬೇಕಿತ್ತು. ಮುಧೋಳದ ಇಪ್ಪತ್ತು ಬೇಟೆನಾಯಿಗಳು ಬೇಕಿದ್ದವು. ಶೂಟಿಂಗ್‌ನಲ್ಲಿ ಪ್ರಾಣಿಗಳಿದ್ದರೆ ಪಶುವೈದ್ಯರೊಬ್ಬರು ಇರಲೇಬೇಕು ಎಂಬ ಕಾನೂನು ಇರುವುದರಿಂದ ನಾನೂ ಬೇಕಾದೆ. ನನ್ನ ಹೆಸರು ನೀಲಾಂಬಿಕಾ. ಊರಿನಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ.

"ಕಂಪ್ಯೂಟರ್‌ನಲ್ಲಿ ನಾಯಿ ಮಾಡ್ಕೋಬಹುದಲ್ಲ, ಈಗ ಎಲ್ಲಾ ಮಾಡ್ತಾರಲ್ಲ" ಎಂದು ನಾನು ಮೊದಲ ದಿನವೇ ಕೇಳಿದೆ.

"ಗ್ರಾಫಿಕ್ಸ್ ನಾಯಿಗೆ ಯಾರು ಹೆದರ್ತಾರೆ ಮೇಡಂ? ಜನಕ್ಕೆ ಗೊತ್ತಾಗಿಬಿಡತ್ತೆ. ನನಗೆ ನಿಜವಾದ ನೋಟ ಬೇಕು. ಇಪ್ಪತ್ತು ನಾಯಿ, ಒಂದೇ ನೋಟ."

ಆ ಒಂದೇ ನೋಟಕ್ಕಾಗಿ ಅವನು ಪ್ರದ್ಯುಮ್ನ ಎಂಬ ಎಂಜಿನಿಯರನ್ನು ಕರೆತಂದಿದ್ದ. ಒಂದು ನಾಯಿಯ ಮೈಯಲ್ಲಿ ನಡೆದದ್ದನ್ನು ಇನ್ನೊಂದು ನಾಯಿಯ ಮೈಯಲ್ಲಿ ನಡೆಸಿಬಿಟ್ಟರೆ ಎರಡಕ್ಕೂ ಒಂದೇ ಭಾವ ಬಂದೀತೇ? ಪ್ರದ್ಯುಮ್ನ ಐದಾರು ವರ್ಷ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದವನು. ಉತ್ತರವಾಗಿ ಒಂದು ಕೊರಳಪಟ್ಟಿ ಮಾಡಿದ್ದ. ಕೊರಳಿನಲ್ಲಿ ವೇಗಸ್ ಎಂಬ ನರ ಇಳಿಯುತ್ತದೆ. ಎದೆ, ಉಸಿರು, ಹೊಟ್ಟೆ ಮೂರರ ಸುದ್ದಿಯನ್ನೂ ಅದು ಮಿದುಳಿಗೆ ಮುಟ್ಟಿಸುತ್ತಿರುತ್ತದೆ. ಪಟ್ಟಿ ಆ ಸುದ್ದಿಯನ್ನು ಕದ್ದು ಕೇಳಿ ದಾಖಲಿಸುತ್ತದೆ. ಬೇಕೆಂದಾಗ ಅದೇ ಸುದ್ದಿಯನ್ನು ಬೇರೆ ನಾಯಿಯ ನರಕ್ಕೆ ತಟ್ಟಿ ಹೇಳುತ್ತದೆ.

"ನಾವು ಹೆದರಿದ್ದಕ್ಕೆ ಎದೆ ಹೊಡ್ಕೊಳತ್ತೆ ಅಂದ್ಕೊಂಡಿದೀವಿ" ಎಂದು ಪ್ರದ್ಯುಮ್ನ ಹೇಳಿದ. "ಅರ್ಧ ನಿಜ ಅದು. ಎದೆ ಹೊಡ್ಕೊಂಡಿದ್ದಕ್ಕೂ ನಾವು ಹೆದರ್ತೀವಿ. ನಾನು ಎದೆಗೆ ಹೇಳಿಕೊಡ್ತೀನಿ, ಮನಸ್ಸು ತಾನಾಗೇ ಹಿಂದೆ ಬರತ್ತೆ."

ನನಗೆ ಈ ಯಂತ್ರ ಹೊಸದೇನಲ್ಲ. ಇಂಥದ್ದೇ ಒಂದು ನನ್ನ ಮಗಳ ಎದೆಯಲ್ಲಿತ್ತು.

ಮಲಪ್ರಭಾ ಅಂತ ಅವಳ ಹೆಸರು, ಮನೆಯಲ್ಲಿ ಪ್ರಭಿ. ಹತ್ತು ವರ್ಷ. ನಾಲ್ಕನೆಯ ವಯಸ್ಸಿನಿಂದ ಅವಳಿಗೆ ಫಿಟ್ಸ್. ಔಷಧಿ ಯಾವುದೂ ಸರಿಹೋಗದೆ ಎರಡು ವರ್ಷದ ಹಿಂದೆ ಎಡಗಡೆ ಕಾಲರ್ ಎಲುಬಿನ ಕೆಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಒಂದು ಸಾಧನ ಕೂರಿಸಿದ್ದರು. ಅದರ ತಂತಿ ಕೊರಳ ವೇಗಸ್ ನರಕ್ಕೆ ಸುತ್ತಿಕೊಂಡಿದೆ. ಫಿಟ್ಸ್ ಬರುವ ಸುಳಿವು ಸಿಕ್ಕರೆ ನರಕ್ಕೆ ಮೆಲ್ಲಗೆ ತಟ್ಟಿ ಮಿದುಳನ್ನು ಸಮಾಧಾನ ಮಾಡುತ್ತದೆ. ಆಸ್ಪತ್ರೆಯವರು ದೂರದಿಂದಲೇ ಅದನ್ನು ಸರಿಪಡಿಸಬಹುದು. ನಮಗೆ ಕೊಟ್ಟಿದ್ದು ಒಂದು ಅಯಸ್ಕಾಂತದ ಬಿಲ್ಲೆ ಮಾತ್ರ. ಅದನ್ನು ಎದೆಯ ಮೇಲೆ ಒತ್ತಿ ಹಿಡಿದರೆ ಸಾಧನ ಸುಮ್ಮನಾಗುತ್ತದೆ. ಬಿಲ್ಲೆಯನ್ನು ನಾನು ಬಳೆಗಳ ಜೊತೆಯಲ್ಲೇ ಮುಂಗೈಗೆ ಕಟ್ಟಿಕೊಂಡಿರುತ್ತೇನೆ.

ಫಿಟ್ಸ್ ಕಡಿಮೆಯಾಗಿತ್ತು, ನಿಂತಿರಲಿಲ್ಲ. ವಾರಕ್ಕೊಮ್ಮೆಯಾದರೂ ಬಂದು ಕೆಡವುತ್ತಿತ್ತು. ಒಮ್ಮೆ ಓಡುವಾಗ ಬಂದು ಹಲ್ಲು ಮುರಿದಿತ್ತು. ಆಮೇಲೆ ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಆಡಿದ ಮಾತೆಂದರೆ "ಓಡಬ್ಯಾಡ". ನಾನು ಹೇಳುತ್ತೇನೆ, ನನ್ನ ಗಂಡ ಶಿವಯೋಗಿ ಹೇಳುತ್ತಾರೆ, ಶಾಲೆಯ ಟೀಚರ್ ಹೇಳುತ್ತಾರೆ, ಹಾಲು ಹಾಕುವವನೂ ಹೇಳುತ್ತಾನೆ. ಓಣಿಯ ಹುಡುಗಿಯರು ಮುಟ್ಟಾಟ ಆಡುವಾಗ ಪ್ರಭಿ ಕಟ್ಟೆಯ ಮೇಲೆ ಕೂತು ಯಾರು ಔಟಾದರೆಂದು ಕೂಗಿ ಹೇಳುತ್ತಿದ್ದಳು. ಅವಳಿಗೆ ಕೊಟ್ಟ ಕೆಲಸ ಅದು.

ಸಿನಿಮಾದವರು ಒಂದು ಕಲ್ಯಾಣ ಮಂಟಪ ಹಿಡಿದಿದ್ದರು. ಅದರ ಊಟದ ಹಾಲೇ ಪ್ರದ್ಯುಮ್ನನ ಲ್ಯಾಬ್. ಬಾಳೆಎಲೆ ಹಾಸುವ ಉದ್ದನೆಯ ಮೇಜುಗಳ ಮೇಲೆ ಕಂಪ್ಯೂಟರುಗಳು, ಕೈ ತೊಳೆಯುವ ನಲ್ಲಿಗಳ ಸಾಲಿಗೆ ಕಟ್ಟಿಹಾಕಿದ ನಾಯಿಗಳು. ನಾಯಿಗಳ ಒಡೆಯ ಯಂಕಪ್ಪ ಮುಧೋಳದ ಕಡೆಯವನು. ಅವನ ಬಳಿ ಕಂಚಿ ಎಂಬ ಹೆಣ್ಣುನಾಯಿ ಇತ್ತು. ತೆಳ್ಳಗೆ, ಉದ್ದಕ್ಕೆ, ಪಕ್ಕೆಲುಬು ಎಣಿಸುವಂಥ ಮೈ. ಉಳಿದವಕ್ಕೆ ಕೊಡುವ ನೋಟವನ್ನು ದಾಖಲಿಸಿಕೊಳ್ಳಲು ಅದನ್ನೇ ಆರಿಸಿದರು.

ನಾಯಿ ದಿಟ್ಟಿಸಲೆಂದು ಮೊಲ ತರುವುದಕ್ಕೆ ನಾನು ಬಿಡಲಿಲ್ಲ. ಹಾಲಿನ ಆ ತುದಿಯಲ್ಲಿ ದಾರಕ್ಕೆ ಕಟ್ಟಿದ ಬಿಳಿ ಬಟ್ಟೆಯ ಗಂಟು ಇಟ್ಟರು. ಕಂಚಿ ಅದನ್ನು ನೋಡಿತು. ಮುಂಗಾಲೊಂದನ್ನು ನೆಲದಿಂದ ಒಂಚೂರು ಎತ್ತಿತು. ಕಣ್ಣು ಪಿಳುಕಿಸಲಿಲ್ಲ. ಹಾಲಿನಲ್ಲಿದ್ದ ಉಳಿದ ಯಾರೂ ಅದಕ್ಕೆ ಇಲ್ಲವೇ ಇಲ್ಲ ಎನ್ನುವ ಹಾಗೆ ನಿಂತಿತು.

"ನೋಡಿ ಮೇಡಂ, ಎದೆಬಡಿತ ಇಳೀತಿದೆ" ಎಂದು ಪ್ರದ್ಯುಮ್ನ ಪರದೆ ತೋರಿಸಿದ. "ಹಿಂಸೆ ಇಲ್ಲ, ಭಯ ಇಲ್ಲ."

ಅದು ನಿಜ. ನಾನು ಕಾಗದಕ್ಕೆ ಸಹಿ ಹಾಕಬೇಕಾದದ್ದೂ ಅಷ್ಟಕ್ಕೇ. ಆದರೂ ಕಂಚಿಯ ನೋಟ ನನಗೆ ಹಿಡಿಸಲಿಲ್ಲ. "ಇದು ಸಮಾಧಾನ ಅಲ್ಲ. ಓಡೋಕೆ ಮೊದಲಿನ ನಿಲುವು ಇದು" ಎಂದೆ.

ಯಂಕಪ್ಪ ನಕ್ಕ. "ಹೌದ್ರೀ ಅಕ್ಕಾರ, ಕಾಯಾಕತ್ತೈತಿ. ಮುಂದಿಂದು ಓಡಿದ್ರ ಇದೂ ಓಡತೈತಿ. ಅದು ನಿಂತ್ರ ಇದೂ ಹಿಂಗ ನಿಂತಿರತೈತಿ, ಹೊತ್ತು ಮುಳುಗೂ ತನಕ."

ಪ್ರದ್ಯುಮ್ನ ಒಪ್ಪಿದ. ಓಟ ಶುರುವಾಗುವ ಭಾಗವನ್ನು ಕತ್ತರಿಸಿ, ಕಾಯುವ ಭಾಗವನ್ನಷ್ಟೇ ಉಳಿಸಿಕೊಂಡ. ಸೆಟ್ಟಿನಲ್ಲಿ ಯಾರೂ ಓಡಕೂಡದು ಎಂದು ನಾನು ಹಠ ಹಿಡಿದೆ. ಕ್ವಾರಿಯ ಬಾಯಿಯಲ್ಲಿ ದೊಡ್ಡ ಅಕ್ಷರದಲ್ಲಿ 'ಓಡಬೇಡಿ' ಎಂದು ಬೋರ್ಡ್ ಹಾಕಿಸಿದರು. ಮನೆಯಲ್ಲಿ ಹೇಳಿ ಹೇಳಿ ಸಾಕಾದ ಮಾತನ್ನು ಅಲ್ಲೂ ಕಂಡು ನನಗೇ ನಗು ಬಂತು.

ಮುಹೂರ್ತಕ್ಕೆ ಎರಡು ದಿನ ಇರುವಾಗ ಪ್ರಭಿ ನನ್ನ ಜೊತೆ ಮಂಟಪಕ್ಕೆ ಬಂದಳು. ಕಂಚಿಯ ಕಿವಿ ತುರಿಸುತ್ತ ಕೂತವಳನ್ನು ಹೇರಂಬ ನೋಡಿದ. ಮೊದಲ ಶಾಟ್‌ಗೆ ಕ್ಲಾಪ್ ಬೋರ್ಡ್ ಹಿಡಿಯಲು ಊರಿನ ಹೆಣ್ಣುಮಗುವೊಂದು ಬೇಕು, ಶುಭ ಎಂದ. ಪ್ರಭಿ ನನ್ನ ಮುಖ ನೋಡಿದಳು. ಅವಳನ್ನು ಯಾರಾದರೂ ಯಾವುದಕ್ಕಾದರೂ ಕರೆದು ಎರಡು ವರ್ಷವಾಗಿತ್ತು. ಹುಟ್ಟುಹಬ್ಬಕ್ಕೂ ಕರೆಯುತ್ತಿರಲಿಲ್ಲ, ಕೇಕಿನ ನಡುವೆ ಬಿದ್ದರೆ ಏನು ಮಾಡುವುದೆಂದು.

ಶಿವಯೋಗಿಗೆ ಮನಸ್ಸಿರಲಿಲ್ಲ. "ಬಿಸಿಲು, ಗದ್ದಲ, ನಾಯಿ. ಬ್ಯಾಡ. ಏನಾರ ಆದ್ರ ಯಾರು ಬರ್ತಾರ?"

"ಒಂದ ಸಲ ಅಪ್ಪಾ" ಎಂದಳು ಪ್ರಭಿ. "ನಿಂತಲ್ಲೇ ನಿಂದ್ರತೀನಿ. ಓಡಂಗಿಲ್ಲ. ದೇವರಾಣಿ ಓಡಂಗಿಲ್ಲ."

ನಾನು ಪ್ರದ್ಯುಮ್ನನನ್ನು ಬಿಡಿಸಿ ಕೇಳಿದೆ. ಅವನ ಪಟ್ಟಿಯಲ್ಲಿದ್ದದ್ದೂ ಪ್ರಭಿಯ ಎದೆಯಲ್ಲಿದ್ದದ್ದೂ ಒಂದೇ ಜಾತಿಯ ಚಿಪ್. ಅವನು ಮುಚ್ಚಿಡಲಿಲ್ಲ. ಒಂದೊಂದು ಪಟ್ಟಿಗೂ ಬೇರೆ ನಂಬರ್ ಇದೆ, ಆ ಇಪ್ಪತ್ತು ನಂಬರಿಗೆ ಬಿಟ್ಟು ಬೇರೆ ಯಾವುದಕ್ಕೂ ಸಂಕೇತ ಹೋಗುವುದಿಲ್ಲ ಎಂದು ಪರದೆಯ ಮೇಲೆ ತೋರಿಸಿದ. ಅವನು ತೋರಿಸಿದ್ದು ಸರಿಯಾಗಿಯೇ ಇತ್ತು. ನಾನು ಒಪ್ಪಿದೆ.

ಶುಕ್ರವಾರ ಬೆಳಿಗ್ಗೆ ಕ್ವಾರಿಯಲ್ಲಿ ಕ್ಯಾಮೆರಾಗೆ ಪೂಜೆಯಾಯಿತು. ಕುಂಕುಮ, ಹೂವು, ಲೆನ್ಸಿನ ಮುಂದೆ ಕರ್ಪೂರ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅದರೊಳಗೆ ಮೊದಲ ಶಾಟ್ ಆಗಲೇಬೇಕು. ಸಿನಿಮಾದವರಿಗೆ ಇನ್ನೊಂದು ನೇಮವೂ ಇದೆ ಎಂದು ನನಗೆ ಅಂದೇ ತಿಳಿದದ್ದು. ಮುಹೂರ್ತದ ಶಾಟ್ ಹೇಗೇ ಬರಲಿ, ನಡುವೆ ಯಾರೂ ಅಡ್ಡ ಮಾತಾಡಿ ನಿಲ್ಲಿಸಬಾರದು. ನಿಲ್ಲಿಸಿದರೆ ಇಡೀ ಚಿತ್ರ ನಿಂತುಹೋಗುತ್ತದಂತೆ. ಶಾಟ್ ತಾನಾಗಿ ಮುಗಿಯಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು.

ಇಪ್ಪತ್ತು ನಾಯಿಗಳನ್ನು ಹೊಂಡದ ತಳದಲ್ಲಿ ಬಿಟ್ಟಿದ್ದರು. ಪ್ರಭಿ ಕ್ಯಾಮೆರಾದ ಮುಂದೆ, ನಾಯಿಗಳಿಗೆ ಹತ್ತು ಹೆಜ್ಜೆ ದೂರದಲ್ಲಿ ಬೋರ್ಡ್ ಹಿಡಿದು ನಿಂತಿದ್ದಳು. ಹಸಿರು ಇಳಕಲ್ ಸೀರೆಯಲ್ಲಿ ಹೊಲಿಸಿದ ಲಂಗ ಉಟ್ಟಿದ್ದಳು. ನಾನು ಎದುರಿನ ದಂಡೆಯಲ್ಲಿ ಛತ್ರಿಯ ಕೆಳಗಿದ್ದೆ. ಅಡ್ಡ ಬಂದರೆ ಫ್ರೇಮಿನಲ್ಲಿ ಬೀಳುತ್ತೀರಿ ಎಂದು ಅಲ್ಲಿ ಕೂರಿಸಿದ್ದರು.

ಪ್ರದ್ಯುಮ್ನನ ಮೇಜು ನನ್ನ ಪಕ್ಕದಲ್ಲೇ. ಅವನು ಬೆವರುತ್ತಿದ್ದ. ಕಲ್ಲಿನ ಗೋಡೆಗಳಿಗೆ ಬಡಿದು ಸಂಕೇತ ಚೆಲ್ಲಾಪಿಲ್ಲಿಯಾಗಿ, ಆರು ಪಟ್ಟಿಗಳು ಪರದೆಯಿಂದ ಮಾಯವಾಗಿದ್ದವು. ಅವನು ಒಂದೊಂದೇ ನಂಬರ್ ಒತ್ತಿ ಹುಡುಕುತ್ತಿದ್ದ.

"ಎಷ್ಟು ಹೊತ್ತು ಮಾರಾಯ?" ಹೇರಂಬ ಕೂಗಿದ. ಪುರೋಹಿತರು ಕೈಗಡಿಯಾರ ನೋಡಿಕೊಂಡರು.

"ಐದೇ ನಿಮಿಷ ಸರ್."

"ಐದು ನಿಮಿಷ ಎಲ್ಲಿದೆ? ರಾಹು ಬಂದ್ಬಿಡ್ತಾನೆ! ಎಲ್ಲಾ ಒಟ್ಟಿಗೆ ತಗೊಳಕ್ಕೆ ಆಗಲ್ವಾ?"

ಆಗುತ್ತಿತ್ತು. ಸುತ್ತಲಿರುವ ಎಲ್ಲ ಸಾಧನಗಳನ್ನೂ ಸೇರಿಸಿಕೊ ಎನ್ನುವ ಒಂದು ಗುಂಡಿ ಇತ್ತು. ಪ್ರದ್ಯುಮ್ನ ಒತ್ತಿದ. ಪರದೆಯ ಮೇಲೆ ಹಸಿರು ಚುಕ್ಕೆಗಳು ಒಂದೊಂದಾಗಿ ಹತ್ತಿಕೊಂಡವು.

"ಇಪ್ಪತ್ತೊಂದು ತೋರಿಸ್ತಿದೆ" ಎಂದ ಅವನು, ಹುಬ್ಬು ಗಂಟಿಕ್ಕಿ. "ಪೆಟ್ಟಿಗೇಲಿ ಒಂದು ಸ್ಪೇರ್ ಪಟ್ಟಿ ಇತ್ತು, ಅದಿರಬೇಕು."

"ಇಪ್ಪತ್ತೊಂದಾ? ಒಳ್ಳೇದೇ ಆಯ್ತು ಬಿಡು" ಎಂದು ಹೇರಂಬ ಕೈ ಮುಗಿದ. "ಇಪ್ಪತ್ತು ಅಂದ್ರೆ ನಂಗೆ ಮೊದಲಿಂದ ಮನಸ್ಸಿಗೆ ಬರ್ತಿರ್ಲಿಲ್ಲ. ಮೇಲೊಂದು ಇರಬೇಕು."

ಪುರೋಹಿತರು ತಲೆದೂಗಿದರು. ನನಗೂ ಸಮಾಧಾನವೇ ಆಯಿತು. ನಮ್ಮಲ್ಲಿ ಉಡಿ ತುಂಬುವಾಗಲೂ ಮೇಲೊಂದು ಹಿಡಿ ಹಾಕುತ್ತೇವೆ. ಆ ಒಂದು ಯಾರದೆಂದು ಕೇಳಬೇಕೆಂದು ಅಲ್ಲಿದ್ದ ಒಬ್ಬರಿಗೂ ಅನ್ನಿಸಲಿಲ್ಲ.

ಪ್ರಭಿ ಬೋರ್ಡ್ ಬಡಿದು ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು, ಹೇಳಿಕೊಟ್ಟ ಹಾಗೆ. ನನ್ನತ್ತ ನೋಡಿ ನಕ್ಕಳು. ಪ್ರದ್ಯುಮ್ನ ಸಂಕೇತ ಬಿಟ್ಟ.

ನಾಯಿಗಳು ಎದ್ದವು. ಎದ್ದ ಸದ್ದೂ ಇಲ್ಲ. ಇಪ್ಪತ್ತೂ ಮುಂಗಾಲು ಒಂಚೂರು ಎತ್ತಿದವು, ಇಪ್ಪತ್ತು ಕೊರಳೂ ಒಟ್ಟಿಗೆ ತಿರುಗಿದವು, ದಂಡೆಯಲ್ಲಿ ನಿಂತ ನಿರ್ಮಾಪಕರ ಹೆಗಲ ಮೇಲೆ ಅಲುಗುತ್ತಿದ್ದ ಬಿಳಿ ವಸ್ತ್ರದ ಕಡೆಗೆ. ಯಂಕಪ್ಪನ ಬಾಯಿಂದ "ಎಪ್ಪಾ" ಎಂದು ಬಂತು. ಯಾರೋ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ತಟ್ಟಿದರು. ಹಳೆಯ ಸಿನಿಮಾಕ್ಕಿಂತ ನೂರು ಪಾಲು ಚೆನ್ನಾಗಿತ್ತು. ನಾನೂ ತಟ್ಟುತ್ತಿದ್ದೆ. ಆಗ ಮಗಳನ್ನು ನೋಡಿದೆ.

ಪ್ರಭಿಯ ನಗು ಮುಖದಿಂದ ಪೂರ್ತಿ ಹೋಗಿತ್ತು. ಫಿಟ್ಸ್ ಬರುವ ಮುಂಚೆ ಅವಳ ಎಡಗಣ್ಣು ಅದುರುತ್ತದೆ. ಅದು ಅದುರುತ್ತಿರಲಿಲ್ಲ. ಏನೂ ಅಲ್ಲಾಡುತ್ತಿರಲಿಲ್ಲ. ತಲೆ ಒಂಚೂರು ಮುಂದಕ್ಕೆ, ಎಡಗಾಲಿನ ಹಿಮ್ಮಡಿ ನೆಲದಿಂದ ಮೇಲಕ್ಕೆ. ಇಪ್ಪತ್ತು ನಾಯಿಗಳು ನೋಡುತ್ತಿದ್ದ ಕಡೆಗೇ ಅವಳೂ ನೋಡುತ್ತಿದ್ದಳು.

"ನಿಲ್ಲಿಸ್ರೀ!" ಎಂದು ನಾನು ಚೀರಿದೆ. "ಕಟ್ ಅನ್ರೀ! ನನ್ನ ಮಗಳು!"

"ಶ್!" ಎಂದು ನಾಲ್ಕಾರು ಜನ ಒಟ್ಟಿಗೆ ನನ್ನ ಕಡೆ ತಿರುಗಿದರು. ಹೇರಂಬ ನನಗೆ ಕೈ ಮುಗಿದು, ಹಣೆ ಮುಟ್ಟಿಕೊಂಡು, ಸುಮ್ಮನಿರಿ ಎಂದು ಬೇಡಿದ. ಅಪಶಕುನ ಆಡಿದ ಹೆಂಗಸು ನಾನು. ಚಪ್ಪಾಳೆ ಇನ್ನೂ ಜೋರಾಯಿತು, ನನ್ನ ಕೂಗು ಕೇಳಿಸದಿರಲಿ ಎಂದು. ಪ್ರದ್ಯುಮ್ನನಿಗಾದರೂ ಹೇಳೋಣವೆಂದರೆ ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪರದೆಯೊಳಗೇ ಹೊಕ್ಕಂತಿದ್ದ.

ನಾನು ಓಡಿದೆ. ನಾಲ್ಕು ಹೆಜ್ಜೆ ಓಡಿರಬಹುದು. ಅಷ್ಟರಲ್ಲಿ ನಿರ್ಮಾಪಕರ ಹೆಗಲ ಮೇಲಿನ ಆ ವಸ್ತ್ರವನ್ನು ಗಾಳಿ ಎತ್ತಿಕೊಂಡು ಹೋಗಿ ಹೊಂಡದ ತಳದಲ್ಲಿ ಉರುಳಿಸಿತು. ಅದು ಎಷ್ಟು ದೂರ ಹೋಯಿತೆಂದು ಹೇಳಲಾರೆ. ಮೂರು ನಾಯಿಗಳು ಅದರ ಮೇಲಿದ್ದವು. ಅವು ಹೋದದ್ದು ಕಾಣಲಿಲ್ಲ, ಅಲ್ಲಿದ್ದದ್ದು ಕಂಡಿತು. ವಸ್ತ್ರ ಚಿಂದಿಯಾಯಿತು. ಒಂದೂ ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಓಡುವ ಭಾಗವನ್ನು ಕತ್ತರಿಸಿದ್ದೇವೆಂದು ಅಂದುಕೊಂಡಿದ್ದೆವು. ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕಾಯುವುದನ್ನು ಕೊಟ್ಟಿದ್ದೆವು, ಉಳಿದದ್ದು ಅವುಗಳ ಮೈಯಲ್ಲೇ ಇತ್ತು.

ಪ್ರಭಿಯೂ ಎರಡು ಹೆಜ್ಜೆ ಮುಂದೆ ಬಂದಿದ್ದಳು. ಬೋರ್ಡ್ ಕೈಯಿಂದ ಬಿದ್ದಿತ್ತು.

ಚಪ್ಪಾಳೆ ಅಲ್ಲಿಗೆ ನಿಂತಿತು. ವಸ್ತ್ರ ಸತ್ತಿತ್ತು. ಕೊರಳುಗಳೆಲ್ಲ ಒಟ್ಟಿಗೆ ತಿರುಗಿ, ಓಡುತ್ತಿದ್ದ ಇನ್ನೊಂದು ವಸ್ತುವನ್ನು ಹುಡುಕಿದವು. ಅದು ನಾನು.

ನಾನು ನಿಂತುಬಿಟ್ಟೆ. ಇಪ್ಪತ್ತು ವರ್ಷ ನಾಯಿಗಳ ನಡುವೆ ಬದುಕಿದ್ದೇನೆ, ಕಚ್ಚಿಸಿಕೊಂಡಿದ್ದೇನೆ, ನಾಯಿಗೆ ಹೆದರಿದವಳಲ್ಲ. ಆವತ್ತೂ ನಾಯಿಗಳಿಗೆ ಹೆದರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು ಆ ನೋಟದಿಂದ ನನ್ನನ್ನು ನೋಡುತ್ತಿತ್ತಲ್ಲ, ಅದಕ್ಕೆ ಹೆದರಿದೆ. ಅದರಲ್ಲಿ ಸಿಟ್ಟಿರಲಿಲ್ಲ. ಗುರುತೂ ಇರಲಿಲ್ಲ. ನಾನು ಓಡುತ್ತೇನೋ ಇಲ್ಲವೋ ಎನ್ನುವುದಷ್ಟೇ ಅವಳಿಗೆ ಬೇಕಿತ್ತು.

ನಡೆದೆ. ಒಂದು ಹೆಜ್ಜೆ ಇಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ಮದುವಣಗಿತ್ತಿ ನಡೆದ ಹಾಗೆ. ಕೈಗಳನ್ನು ಮೈಗೆ ಅಂಟಿಸಿಕೊಂಡೆ, ಸೆರಗು ಹಾರದಂತೆ ಹಲ್ಲಲ್ಲಿ ಕಚ್ಚಿದೆ. ಬಳೆ ಸದ್ದು ಮಾಡಿದಾಗ ಹತ್ತಿರದ ನಾಯಿಯ ಕಿವಿ ನೆಟ್ಟಗಾಯಿತು. ನಾಯಿಗಳ ನಡುವೆ ಹಾಯಬೇಕಿತ್ತು, ಬೇರೆ ದಾರಿ ಇರಲಿಲ್ಲ. ಒಂದರ ಒದ್ದೆ ಮೂಗು ನನ್ನ ಅಂಗೈ ಮುಟ್ಟಿತು. ಕಂಚಿಯಿರಬೇಕು. ಬೆಳಿಗ್ಗೆಯಷ್ಟೇ ನನ್ನ ಕೈಯಿಂದ ಬಿಸ್ಕತ್ತು ತಿಂದಿತ್ತು. ಓಡಬ್ಯಾಡ, ಓಡಬ್ಯಾಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಪ್ರಭಿಗೆ ಹೇಳುವ ಅದೇ ದನಿಯಲ್ಲಿ.

ಹತ್ತಿರ ಹೋದಾಗ ಅವಳ ಉಸಿರು ಕೇಳಿಸಿತು. ಬಹಳ ನಿಧಾನವಾಗಿತ್ತು. ನಾಯಿಗಳ ಪಕ್ಕೆ ಏರಿದಾಗ ಅವಳದೂ ಏರುತ್ತಿತ್ತು. ನಾನು ಮುಂಗೈಯನ್ನು ಅವಳ ಎಡ ಎದೆಗೆ ತಂದು ಬಿಲ್ಲೆಯನ್ನು ಒತ್ತಿ ಹಿಡಿದೆ. ಏನೂ ಆಗಲಿಲ್ಲ. ಜಾಗ ತಪ್ಪಿತೆಂದು ಬೆರಳಳತೆ ಸರಿಸಿ ಮತ್ತೆ ಒತ್ತಿದೆ.

ಅವಳು ಕಣ್ಣು ಪಿಳುಕಿಸಿದಳು.

ದಂಡೆಯ ಮೇಲೆ ಪ್ರದ್ಯುಮ್ನನ ಪರದೆಯಲ್ಲಿ ಇಪ್ಪತ್ತೊಂದು ಹೋಗಿ ಇಪ್ಪತ್ತಾಯಿತಂತೆ. ಅವನು ತಲೆಯೆತ್ತಿ, ಹೊಂಡದ ನಡುವೆ ಮಗಳ ಎದೆ ಹಿಡಿದು ನಿಂತ ನನ್ನನ್ನು ನೋಡಿದ. ಆಗ ಅವನಿಗೆ ಆ ಒಂದು ಯಾರದೆಂದು ಹೊಳೆಯಿತು. ಮೇಜಿನ ತಂತಿಗಳನ್ನೆಲ್ಲ ಎರಡೂ ಕೈಯಿಂದ ಕಿತ್ತೆಸೆದ. ನಾಯಿಗಳು ನಿಂತಲ್ಲೇ ಕುಸಿದು ಮಲಗಿದವು.

ಪ್ರಭಿ ನನ್ನ ಸೊಂಟಕ್ಕೆ ಆತುಕೊಂಡಳು. ಮೈ ತಣ್ಣಗಿತ್ತು. ಕನಸಿನ ಮಾತು ಹೇಳುವವಳ ಹಾಗೆ ಹೇಳಿದಳು:

"ನೀ ಯಾವಾಗ ಓಡ್ತಿ ಅಂತ ಕಾಯಾಕತ್ತಿದ್ನಿ ಅವ್ವಾ."

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿದರು. ಮಿದುಳಿಗೆ ಪೆಟ್ಟಿಲ್ಲ, ನರಕ್ಕೆ ಪೆಟ್ಟಿಲ್ಲ. ಕೆಲವು ದಿನ ನೋಡೋಣವೆಂದು ಕಳಿಸಿದರು. ಒಂದು ವಾರ ಫಿಟ್ಸ್ ಬರಲಿಲ್ಲ. ಎರಡನೆಯ ವಾರವೂ ಬರಲಿಲ್ಲ. ಎರಡು ತಿಂಗಳಾದ ಮೇಲೆ ಡಾಕ್ಟರು ಸಾಧನದ ಒಳಗಿನ ದಾಖಲೆ ತೆಗೆದು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಆ ದಿನ ಬಂದ ಪ್ಯಾಟರ್ನ್ ಇದರೊಳಗ ಉಳಕೊಂಡೈತಿ" ಎಂದರು. "ಈ ಸಾಧನ ಕಲೀತದ. ಯಾವ ತಟ್ಟು ಚಲೋ ಕೆಲಸ ಮಾಡತದ ನೋಡಿ ಅದನ್ನ ಇಟ್ಕೋತದ. ಈಗ ಫಿಟ್ಸ್ ಬರೋ ಸುಳಿವು ಸಿಕ್ಕಾಗೆಲ್ಲಾ ಅದನ್ನೇ ಹಾಕಾಕತ್ತೈತಿ. ಹುಡುಗಿ ಒಂದು ಗಳಿಗಿ ಸುಮ್ಮನ ನಿಂದ್ರತಾಳ. ಅಷ್ಟ. ಫಿಟ್ಸ್ ದಾಟಿ ಹೋಗತದ."

"ಅಳಿಸಿಬಿಡ್ರಿ" ಎಂದೆ.

"ಅಳಸ್ತೀನಿ. ಆದ್ರ ಹಳೇ ಫಿಟ್ಸ್ ತಿರುಗಿ ಬರತಾವ. ಜೋರಾಗಿಯೂ ಬರಬಹುದು. ಯೋಚನೆ ಮಾಡಿ ಹೇಳ್ರಿ."

ಮನೆ ಮುಟ್ಟಿದ ಮೇಲೆ ಶಿವಯೋಗಿ ಸಿಡಿದರು. "ಒಂದು ಗಳಿಗಿ ನಿಂತ್ರ ಏನಾತು? ನೆಲಕ್ಕ ಬಿದ್ದು ನೊರಿ ಕಾರೋದಕಿಂತ ಇದು ಚಲೋ ಅಲ್ಲೇನು? ನೀ ಯಾಕ ಹಿಂಗ ಹೆದರ್ತಿ?"

"ನೀವು ಆ ಕಣ್ಣು ನೋಡಿಲ್ಲ."

"ನಮ್ಮ ಮಗಳ ಕಣ್ಣು ಅದು!"

ಪ್ರಭಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅಳಿಸಬ್ಯಾಡ್ರಿ" ಎಂದಳು. "ನಾ ಈಗ ಓಡತೀನಿ."

ಹೌದು, ಈಗ ಅವಳು ಓಡುತ್ತಾಳೆ. ಓಣಿಯ ಹುಡುಗಿಯರ ಜೊತೆ ಮುಟ್ಟಾಟ ಆಡುತ್ತಾಳೆ. ಶಾಲೆಯ ಓಟದ ಪಂದ್ಯದಲ್ಲಿ ಮೊದಲ ಬಹುಮಾನ ತಂದಳು. ನಾನು ನೋಡಲು ಹೋಗಿದ್ದೆ. ಸೀಟಿ ಊದಿದರೂ ಅವಳು ಹೊರಡಲಿಲ್ಲ. ಉಳಿದವರೆಲ್ಲ ಹೊರಟು ಬೆನ್ನು ಕಂಡ ಮೇಲೆ ಹೊರಟಳು, ಒಬ್ಬೊಬ್ಬರನ್ನೇ ಹಿಡಿದಳು. ಟೀಚರ್ ನನ್ನ ಕೈ ಕುಲುಕಿ ಅಭಿನಂದಿಸಿದರು. ಈಗ ಹುಟ್ಟುಹಬ್ಬಗಳಿಗೆ ಕರೆಯುತ್ತಾರೆ. ಒಬ್ಬ ತಾಯಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ಆದರೂ ಅಳಿಸಿರೆಂದು ಡಾಕ್ಟರಿಗೆ ಫೋನ್ ಮಾಡಲು ಎಷ್ಟೋ ಸಲ ಕೂತಿದ್ದೇನೆ. ಹಲ್ಲು ಮುರಿದ ದಿನ ಅವಳ ಬಾಯಿಂದ ಬಂದ ರಕ್ತ ನೆನಪಾಗಿ ಫೋನ್ ಕೆಳಗಿಡುತ್ತೇನೆ.

ಸಿನಿಮಾ ಬಂತು. ಮುಹೂರ್ತದ ಶಾಟನ್ನೇ ಇಟ್ಟಿದ್ದಾರೆ. ನಾವು ಜಗಳವಾಡಿದ್ದಕ್ಕೆ ಪ್ರಭಿಯನ್ನು ಅಳಿಸಿದ್ದಾರೆ, ನನ್ನನ್ನು ಬಿಟ್ಟಿದ್ದಾರೆ. ನಾಯಿಗಳ ನಡುವೆ ಸೆರಗು ಕಚ್ಚಿಕೊಂಡು ನಡೆಯುವ ಆ ಹೆಂಗಸು ಯಾರು, ಎಂಥ ನಟನೆ ಎಂದು ಎಲ್ಲೆಲ್ಲೂ ಬರೆದಿದ್ದಾರೆ. ಹೇರಂಬ ಸಂದರ್ಶನದಲ್ಲಿ ಮುಗುಳ್ನಗುತ್ತಾನೆ. ಪ್ರದ್ಯುಮ್ನ ಆ ಕೆಲಸ ಬಿಟ್ಟನಂತೆ.

ನಿನ್ನೆ ಬೆಳಿಗ್ಗೆ ನಾನು ನಡುಮನೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಒಲೆಯ ಮೇಲೆ ಹಾಲಿಟ್ಟಿದ್ದೆ. ಪ್ರಭಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಶಾಲೆಯ ಬೂಟಿನ ಲೇಸ್ ಕಟ್ಟುತ್ತಿದ್ದಳು. ಹಾಲು ಉಕ್ಕುವ ಸದ್ದು ಕೇಳಿ ಓಡಲು ಎದ್ದೆ. ಅವಳ ಕೈ ಲೇಸಿನ ಮೇಲೆ ನಿಂತುಹೋಗಿತ್ತು. ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಹಿಮ್ಮಡಿ ನೆಲದಿಂದ ಮೇಲಿತ್ತು.

ನಾನು ನಿಂತೆ. ಮಡಚಿದ್ದ ಬಿಳಿ ಅಂಗಿಯೊಂದು ಕೈಯಿಂದ ಜಾರುತ್ತಿತ್ತು. ಅದನ್ನು ಮೆಲ್ಲಗೆ ಎದೆಗವಚಿಕೊಂಡೆ. ಹಾಲು ಉಕ್ಕಿ, ಒಲೆಗೆ ಸುರಿದು, ಸೀದು, ಹೊಗೆಯೆದ್ದು ಮನೆಯೆಲ್ಲ ವಾಸನೆ ತುಂಬಿತು. ಇಬ್ಬರೂ ಅಲ್ಲಾಡಲಿಲ್ಲ. ಬಿಲ್ಲೆ ನನ್ನ ಮುಂಗೈಯಲ್ಲಿತ್ತು. ನಡುವೆ ಆರು ಹೆಜ್ಜೆ ನೆಲವಿತ್ತು.

ಆಮೇಲೆ ಅವಳು ಕಣ್ಣು ಪಿಳುಕಿಸಿದಳು. ಮೂಗೇರಿಸಿ ವಾಸನೆ ಹಿಡಿದು, ಒಲೆಯತ್ತ ತಿರುಗಿ ನೋಡಿ ನಕ್ಕುಬಿಟ್ಟಳು.

"ಅವ್ವಾ, ಹಾಲೆಲ್ಲಾ ಉಕ್ಕಿ ಹೋಗೇತಿ ನೋಡು" ಎಂದಳು. "ಯಾಕ ಓಡಿ ಬರ್ಲಿಲ್ಲ?"